ಮೂರನೆಯ ದಿನ ಟೆಂಟಿನಿಂದ ನೂರು ಹೆಜ್ಜೆ ದಾಟಲಿಲ್ಲ

ಒದ್ದೆಕಾಲ್ಚೀಲ

ಐದು ದಿನಗಳ ಚಾರಣ ಮುಗಿಸಿ ನಾನೂ ನನ್ನ ತಂಗಿಯೂ ನಿನ್ನೆ ರಾತ್ರಿ ಮನೆ ಸೇರಿದೆವು. ಉಳಿದ ನಾಲ್ಕು ದಿನಗಳ ಬಗ್ಗೆ ನನಗೆ ದೂರಿಲ್ಲ. ಮೂರನೆಯ ದಿನದ್ದೇ ಇನ್ನೂ ತಲೆ ಕೊರೆಯುತ್ತಿದೆ. ಇಡೀ ಪ್ರವಾಸ ನಿಂತಿದ್ದೇ ಆ ದಿನದ ಮೇಲೆ. ಭಾರದ ಚೀಲಗಳನ್ನು ಕಣಿವೆಯ ಬಿಡಾರದಲ್ಲೇ ಬಿಟ್ಟು, ನೀರು, ತಿಂಡಿ, ಮಳೆಯಂಗಿ ಇಷ್ಟೇ ಹೊತ್ತು ಎದುರಿನ ಬೆಟ್ಟದ ನೆತ್ತಿ ಹತ್ತಿ ಸಂಜೆಗೆ ಇಳಿಯಬೇಕೆಂಬುದು ನಮ್ಮ ಲೆಕ್ಕ. ಆರು ತಿಂಗಳಿನಿಂದ ಆ ಬೆಟ್ಟದ ನಕ್ಷೆಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಮಲಗುವ ಮುಂಚೆ ಒಮ್ಮೆ ತೆರೆದು ನೋಡುವ ಚಟ ನನಗಿತ್ತು. ಕೊನೆಗೆ ಆ ದಿನ ನಾನು ನಡೆದದ್ದು ಟೆಂಟಿನಿಂದ ಹೊಳೆಗೆ, ಹೊಳೆಯಿಂದ ಟೆಂಟಿಗೆ.

ಅಲಾರಂ ಹೊಡೆಯುವ ಮೊದಲೇ ಎಚ್ಚರವಾಯಿತು, ಏಕೆಂದರೆ ಬೆನ್ನಿಗೆ ನೆಲ ಒತ್ತುತ್ತಿತ್ತು. ಗಾಳಿ ಹಾಸಿಗೆ ರಾತ್ರಿ ಯಾವಾಗಲೋ ಉಸಿರು ಬಿಟ್ಟಿತ್ತು. ಎದ್ದು ಕುಳಿತರೆ ತಲೆ ಸಿಡಿತ. ಎರಡೂ ಕಿವಿಗಳ ಮೇಲೆ ಹಗ್ಗ ಸುತ್ತಿ ಯಾರೋ ಹಿಂದಿನಿಂದ ತಿರುಚುತ್ತಿರುವ ಹಾಗೆ. ಕಾಲು ಮಡಚೋಣವೆಂದರೆ ತೊಡೆಗಳು ಮಾತು ಕೇಳುತ್ತಿಲ್ಲ. ಬಲಗಾಲಿನ ಹಿಮ್ಮಡಿಯಲ್ಲಿ ಸಂಜೆ ಹುಣಸೆಬೀಜದಷ್ಟಿದ್ದ ನೀರುಗುಳ್ಳೆ ಬೆಳಗಾಗುವುದರೊಳಗೆ ನಾಣ್ಯದಷ್ಟಾಗಿತ್ತು. ಸ್ಲೀಪಿಂಗ್ ಬ್ಯಾಗಿನ ಕಾಲಿನ ಭಾಗ ಒದ್ದೆ. ಟೆಂಟಿನ ಹೊರಹೊದಿಕೆಯ ಜಿಪ್ ಹಿಂದಿನ ಸಂಜೆಯೇ ಸಿಕ್ಕಿಹಾಕಿಕೊಂಡಿದ್ದರಿಂದ, ಎರಡು ಗೂಟ ಕಿತ್ತು ಹೊದಿಕೆಯ ಅಡಿಯಿಂದ ತೆವಳಿಕೊಂಡು ಹೊರಗೆ ಬಂದೆವು. ಬೆಟ್ಟ ಮಾತ್ರ ತೊಳೆದಿಟ್ಟ ಹಾಗೆ ನಿಚ್ಚಳವಾಗಿ ನಿಂತಿತ್ತು. ಮೋಡವಿದ್ದಿದ್ದರೆ ಹವಾಮಾನದ ಮೇಲಾದರೂ ಹಾಕಬಹುದಿತ್ತು.

ಸ್ಟವ್ ಹಚ್ಚಿದರೆ ಉರಿ ಮೇಲೇಳಲಿಲ್ಲ. ಅರ್ಧಕ್ಕಿಂತ ಹೆಚ್ಚು ಗ್ಯಾಸ್ ಇದ್ದ ಡಬ್ಬಿ, ಆದರೂ ಜ್ವಾಲೆ ಹಣತೆಯಷ್ಟೇ. ಒಂದು ಪಾತ್ರೆ ನೀರು ಕುದಿಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಗುಳ್ಳೆಯ ಕೆಲಸಕ್ಕೆ ಕುಳಿತೆ. ಸೂಜಿಯನ್ನು ಉರಿಗೆ ಹಿಡಿದೆ, ತುದಿಗೆ ಮಸಿ ಹತ್ತಿತು, ಅಂಗಿಯ ಅಂಚಿಗೆ ಒರೆಸಿ ಮತ್ತೆ ಹಿಡಿದೆ. ಗುಳ್ಳೆಯ ಬುಡಕ್ಕೆ ಚುಚ್ಚಿದಾಗ ನೋವೇನೂ ಆಗಲಿಲ್ಲ. ತಿಳಿನೀರು ಒಂದು ಗೆರೆಯಾಗಿ ಹಿಮ್ಮಡಿಯಿಂದ ಇಳಿದು ಕಲ್ಲಿನ ಮೇಲೆ ಬಿತ್ತು, ಮೇಲಿನ ಚರ್ಮ ಹಾಲಿನ ಕೆನೆಯಂತೆ ಸುಕ್ಕಾಯಿತು. ಟೇಪ್ ಹಚ್ಚಿದೆ. ಬೂಟಿಗೆ ಕಾಲು ತೂರಿಸಿ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದನ್ನು ಇಡಲಾಗಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ತಂಗಿ, "ಇವತ್ತು ಬೇಡ ಬಿಡಕ್ಕ" ಎಂದಳು. ನನಗೆ ಬೇಕಾಗಿದ್ದ ಮಾತೇ ಅದು. ಆದರೂ ಮುಖ ಊದಿಸಿಕೊಂಡೆ.

ಆಮೇಲೆ ದಿನವೆಲ್ಲ ಚಾಕರಿ. ಸ್ಲೀಪಿಂಗ್ ಬ್ಯಾಗ್ ಒಳಹೊರಗು ಮಾಡಿ ಬಂಡೆಯ ಮೇಲೆ ಹರಡುವುದು, ನೆರಳು ಸರಿದಂತೆ ಅದನ್ನು ಎಳೆಯುವುದು. ಕಾಲುಚೀಲ ಒಗೆಯುವುದು. ತಳ ಹಿಡಿದ ಪಾತ್ರೆಯನ್ನು ಮರಳು ಹಾಕಿ ಉಜ್ಜುವುದು. ನನಗೆ ಸಿಟ್ಟು ಇಳಿದದ್ದು ಹಾಸಿಗೆಯ ತೂತು ಹುಡುಕುವಾಗ. ಹೊಳೆಯ ಅಂಚಿನಲ್ಲಿ ನೀರು ನಿಂತ ಗುಂಡಿಯೊಂದಿತ್ತು. ಹಾಸಿಗೆಯನ್ನು ಗಟ್ಟಿಯಾಗಿ ಊದಿ, ಒಂದೊಂದು ಪಟ್ಟಿಯನ್ನೂ ನೀರಿಗೆ ಅದುಮಿ ಉಸಿರು ಬಿಗಿಹಿಡಿದು ನೋಡುವುದು. ನಾಲ್ಕನೆಯ ಸಲ, ಅಂಚಿನ ಹೊಲಿಗೆಗೆ ಎರಡು ಬೆರಳು ದೂರದಲ್ಲಿ, ಸಾಸಿವೆ ಕಾಳಿನಂತಹ ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ಮೇಲೆದ್ದವು. ಪೆನ್ನಿನಿಂದ ಸುತ್ತ ಗೆರೆ ಎಳೆದೆ, ಒದ್ದೆಯ ಮೇಲೆ ಗೆರೆ ನಿಲ್ಲಲಿಲ್ಲ. ಬೆರಳನ್ನು ಅಲ್ಲೇ ಒತ್ತಿಹಿಡಿದು ತಂಗಿಯನ್ನು ಕೂಗಿದೆ. ಅವಳು ಬಂದು ಒರೆಸಿ, ಒಣಗಿಸಿ, ತೇಪೆ ಹಚ್ಚುವವರೆಗೆ ನಾನು ಆ ತೂತನ್ನು ಕಾದು ಕುಳಿತಿದ್ದೆ. ಆ ದಿನ ನಾನು ಸಾಧಿಸಿದ್ದು ಅದೊಂದೇ.

ಸಂಜೆ ನಾಲ್ಕಕ್ಕೆ ತಲೆನೋವು ಹೋಯಿತು. ಬೆಟ್ಟ ಹತ್ತಲು ಹೊತ್ತಿರಲಿಲ್ಲ. ಮರುದಿನ ಹಿಂದಿರುಗಲೇಬೇಕಿತ್ತು.

ಇಷ್ಟೂ ತೊಂದರೆಗಳು ಒಂದೇ ದಿನ ನನ್ನ ಪಾಲಿಗೆ ಬಂದದ್ದು ಹೇಗೆ? ಗ್ರಹಚಾರ ಎನ್ನಬೇಡಿ. ನಿಮಗೂ ಹೀಗಾದ ದಿನವಿದ್ದರೆ ಹೇಳಿ, ಸಮಾಧಾನವಾದರೂ ಆಗುತ್ತದೆ.

ಗುಡಾರವಾಸಿ

ಇಂಥ ದಿನ ನನಗೆ ಪ್ರತಿ ಪ್ರವಾಸದಲ್ಲೂ ಒಂದು ಕಟ್ಟಿಟ್ಟದ್ದು. ಹಿಂದಿನ ಬಾರಿ ಕಣ್ಣಿಗೆ ಬಿದ್ದ ಹುಳ, ಒಡೆದ ತುಟಿ ಮತ್ತು ಕಳೆದುಹೋದ ಚಮಚ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಎಂದು ಯಾರಾದರೂ ಈಗ ಬಂದು ಬರೆಯುತ್ತಾರೆ. ಅವರ ಮಾತು ಕೇಳಬೇಡಿ. ಬೆಟ್ಟ ಹೋಗುವುದಿಲ್ಲ, ರಜೆ ಹೋಗುತ್ತದೆ.

ನಿಧಾನಸ್ಥ

ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಎಂದು ಬರೆಯಲೆಂದೇ ಬಂದಿದ್ದೆ. ಗುಡಾರವಾಸಿಯವರು ಬಾಯಿ ಕಟ್ಟಿಬಿಟ್ಟರು.

ಬೇರೆ ಮಾತು ಹೇಳುತ್ತೇನೆ. ಐದು ದಿನಗಳ ಪ್ರವಾಸಕ್ಕೆ ಐದೂ ದಿನ ಕೆಲಸ ಹಚ್ಚಿದವರು ಒಂದು ದಿನ ಕಳೆದುಕೊಂಡೇ ತೀರುತ್ತಾರೆ. ನಾನು ಮೂರನೆಯ ದಿನವನ್ನು ಖಾಲಿ ಬಿಡುತ್ತೇನೆ. ಹೊಲಿಗೆ, ಒಗೆತ, ಉಗುರು ಕತ್ತರಿಸುವುದು ಎಲ್ಲ ಅಂದಿಗೆ. ಆ ದಿನವನ್ನು ಮೊದಲೇ ವ್ಯರ್ಥವೆಂದು ಬರೆದಿಟ್ಟರೆ ಅದು ವ್ಯರ್ಥವಾಯಿತೆಂಬ ಕೊರಗು ಇರುವುದಿಲ್ಲ.

ರಾತ್ರಿಪಾಳಿ

ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದೇನೆ, ಹಾಗಾಗಿ ಆ ಸೂಜಿಯ ವಾಕ್ಯವನ್ನು ಎರಡು ಸಲ ಓದಿದೆ. ಉರಿಗೆ ಹಿಡಿದದ್ದು ಸರಿ, ಅಂಗಿಗೆ ಒರೆಸಿದಾಗ ಆ ಸರಿಯೂ ಅಂಗಿಗೇ ಹೋಯಿತು. ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಸ್ಪಿರಿಟ್ ಹಚ್ಚಿದ ಒರೆಸುವ ತುಂಡುಗಳಿರುತ್ತವೆ, ಅದರಿಂದ ಸೂಜಿಯನ್ನೂ ಚರ್ಮವನ್ನೂ ಒರೆಸಿದರೆ ಸಾಕಿತ್ತು. ಮೊದಲು ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ಅದನ್ನು ನೀವು ಬರೆದಿಲ್ಲ, ಮಾಡಿದ್ದೀರೆಂದು ನಂಬುತ್ತೇನೆ.

ನೋಯದ ಸಣ್ಣ ಗುಳ್ಳೆಯನ್ನು ಮುಟ್ಟಬಾರದು. ಮೇಲಿನ ಚರ್ಮ ಇರುವಷ್ಟು ಕಾಲ ಅದಕ್ಕಿಂತ ಒಳ್ಳೆಯ ಬ್ಯಾಂಡೇಜಿಲ್ಲ. ಭಾರ ಬೀಳುವ ಜಾಗದಲ್ಲಿ ದೊಡ್ಡದಾಗಿ ನೋಯುತ್ತಿದ್ದರೆ ಮಾತ್ರ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ ನೀರು ಇಳಿಸಬಹುದು. ಚರ್ಮವನ್ನು ಕೀಳದೆ ಹಾಗೆಯೇ ಕೂರಿಸಿ, ಅಂಟದ ಪಟ್ಟಿ ಇಟ್ಟು, ಅದರ ಮೇಲೆ ಟೇಪ್ ಹಾಕಬೇಕು. ಟೇಪನ್ನು ನೇರವಾಗಿ ಹಚ್ಚಿದರೆ ಕೀಳುವಾಗ ಚರ್ಮವೂ ಜೊತೆಯಲ್ಲೇ ಬರುತ್ತದೆ. ಮಧುಮೇಹ ಇರುವವರು ಮನೆಯಲ್ಲಾಗಲಿ ಕಾಡಿನಲ್ಲಾಗಲಿ ಈ ಚುಚ್ಚುವ ಕೆಲಸಕ್ಕೆ ಕೈ ಹಾಕಬಾರದು. ಈಗ ನೋಡಿ ಹೇಳಿ: ಸುತ್ತ ಕೆಂಪು ಹರಡಿದೆಯೇ, ಬಿಸಿ ಇದೆಯೇ, ಕೀವು?

ತೊಡೆಯ ನೋವಿಗೆ ಕಾರಣ ಮೂರನೆಯ ದಿನದಲ್ಲಿ ಹುಡುಕಬೇಡಿ. ಮೊದಲ ದಿನ ಕಡಿದಾದ ಇಳಿಜಾರು ಇಳಿದಿರಾ? ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಯ ಭಾರವನ್ನು ತಡೆಯಬೇಕಾಗುತ್ತದೆ. ಹಾಗೆ ದುಡಿದ ಸ್ನಾಯು ಅಂದೇ ನೋಯುವುದಿಲ್ಲ, 24ರಿಂದ 72 ಗಂಟೆಗಳ ನಡುವೆ ಅದರ ನೋವು ಏರುತ್ತದೆ.

ಒದ್ದೆಕಾಲ್ಚೀಲ

ಕೆಂಪು ಇಲ್ಲ, ಕೀವಿಲ್ಲ. ಕೈ ತೊಳೆದಿದ್ದೆ. (ಸೋಪಿಲ್ಲದೆ.) ಟೇಪಿನ ವಿಷಯದಲ್ಲಿ ನೀವು ಹೇಳಿದ್ದು ನಿನ್ನೆ ರಾತ್ರಿ ಸ್ನಾನದ ಮನೆಯಲ್ಲಿ ನಿಜವಾಯಿತು, ಆ ಕೂಗನ್ನು ಇಲ್ಲಿ ಬರೆಯಲಾಗುವುದಿಲ್ಲ.

ಹೌದು, ಮೊದಲ ದಿನ ಕಣಿವೆಗೆ ಇಳಿದದ್ದು ಸುಮಾರು ಏಳು ನೂರು ಮೀಟರ್. ಇಳಿಯುವಾಗ ಹಾಡು ಹೇಳುತ್ತಿದ್ದೆ.

ಉಷ್ಣಮಾಪಕ

ಸ್ಟವ್ ಬಗ್ಗೆ. ಡಬ್ಬಿಯ ಮೇಲೆ ಏನು ಬರೆದಿತ್ತು? ಬರೀ ಬ್ಯೂಟೇನ್ ಇದ್ದರೆ ನಿಮ್ಮ ಕಥೆ ಪೂರ್ತಿ ಅರ್ಥವಾಗುತ್ತದೆ. ಬ್ಯೂಟೇನ್ ಕುದಿಯುವುದು −0.5 ಡಿಗ್ರಿಯಲ್ಲಿ, ಐಸೊಬ್ಯೂಟೇನ್ ಸುಮಾರು −12ರಲ್ಲಿ, ಪ್ರೊಪೇನ್ −42ರಲ್ಲಿ. ಡಬ್ಬಿಯೊಳಗೆ ಇರುವುದು ದ್ರವ. ಅದು ಆವಿಯಾಗಿ ಮೇಲೆ ಬಂದರೆ ಮಾತ್ರ ಉರಿ. ಹೊರಗೆ ಮೂರು ನಾಲ್ಕು ಡಿಗ್ರಿ ಇದ್ದರೂ ಸಾಲದು, ಏಕೆಂದರೆ ಆವಿಯಾಗುವಾಗ ದ್ರವ ತನ್ನ ಶಾಖವನ್ನೇ ಕಳೆದುಕೊಂಡು ಡಬ್ಬಿ ಇನ್ನಷ್ಟು ತಣ್ಣಗಾಗುತ್ತದೆ. ಮುಟ್ಟಿ ನೋಡಿದ್ದರೆ ಹೊರಗೆ ಹನಿ ಕಟ್ಟಿದ್ದು ಕಾಣುತ್ತಿತ್ತು.

ಮದ್ದು ಸುಲಭ. ಅಗಲವಾದ ಬಟ್ಟಲಿನಲ್ಲಿ ಸ್ವಲ್ಪ ನೀರು ಹಾಕಿ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿ. ಹೊಳೆಯ ನೀರಾದರೂ ಸರಿ, ಉಗುರುಬೆಚ್ಚಗಿದ್ದರೆ ಇನ್ನೂ ಒಳ್ಳೆಯದು. ಬಿಸಿನೀರು ಬೇಡ, ಡಬ್ಬಿಯ ಸುತ್ತ ತಗಡಿನ ಮರೆ ಕಟ್ಟುವುದಂತೂ ಬೇಡವೇ ಬೇಡ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ಇಟ್ಟುಕೊಂಡು ಮಲಗುವವರೂ ಇದ್ದಾರೆ. ನಾನೂ ಅವರಲ್ಲೊಬ್ಬ. ಮನೆಯವರು ನಗುತ್ತಾರೆ.

ಹಾಸಿಗೆಯ ಬಗ್ಗೆ ಒಂದು ಅನುಮಾನ. ಬಾಯಿಂದ ಊದಿದ ಗಾಳಿ ಮೈಯಷ್ಟೇ ಬೆಚ್ಚಗಿರುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ. ತೂತಿಲ್ಲದ ಹಾಸಿಗೆಯೂ ನಡುರಾತ್ರಿಗೆ ಮೆತ್ತಗಾಗುವುದು ಇದರಿಂದಲೇ. ಆದರೆ ನೆಲ ಬೆನ್ನಿಗೆ ತಾಗುವಷ್ಟು ಚಪ್ಪಟೆಯಾಗುವುದಿಲ್ಲ, ಗುಳ್ಳೆಗಳನ್ನೂ ನೀವು ಕಂಡಿದ್ದೀರಿ. ಅನುಮಾನವನ್ನು ಹಿಂತೆಗೆದುಕೊಂಡೆ.

ಹಳೆಬೂಟು

1953ರ ಮೇ 29ರ ಬೆಳಿಗ್ಗೆ ಎವರೆಸ್ಟಿನ ಕೊನೆಯ ಶಿಬಿರದಲ್ಲಿ ಎಡ್ಮಂಡ್ ಹಿಲರಿ ಎದ್ದು ನೋಡಿದರೆ ಟೆಂಟಿನ ಹೊರಗಿಟ್ಟಿದ್ದ ಬೂಟುಗಳು ಕಲ್ಲಾಗಿದ್ದವು. ಅವನ್ನು ಸ್ಟವ್ ಮೇಲೆ ಹಿಡಿದು ಮೆತ್ತಗೆ ಮಾಡುವುದಕ್ಕೇ ಎರಡು ಗಂಟೆ ಹೋಯಿತು. ತೇನ್‌ಸಿಂಗ್ ಬೂಟನ್ನು ಬಿಚ್ಚದೆಯೇ ಮಲಗಿದ್ದರು. ಜಗತ್ತಿನ ಅತಿ ದೊಡ್ಡ ದಿನಗಳಲ್ಲಿ ಒಂದು ಆರಂಭವಾದದ್ದು ಚಪ್ಪಲಿ ಕೆಲಸದಿಂದ. ನೀವು ಒಳ್ಳೆಯ ಸಾಲಿನಲ್ಲೇ ಇದ್ದೀರಿ.

1911ರ ಡಿಸೆಂಬರಿನಲ್ಲಿ ದಕ್ಷಿಣ ಧ್ರುವದ ದಾರಿಯಲ್ಲಿ ಸ್ಕಾಟ್ ಅವರ ತಂಡ ನಾಲ್ಕು ದಿನ ಟೆಂಟಿನಲ್ಲೇ ಸಿಕ್ಕಿಬಿತ್ತು, ಕರಗುವ ಹಿಮದಲ್ಲಿ ಸಕಲವೂ ತೊಯ್ದು ಹೋಗಿತ್ತು ಎಂಬ ಇನ್ನೊಂದು ಉದಾಹರಣೆಯೂ ಇದೆ. ಆ ಯಾತ್ರೆಯಿಂದ ಸ್ಕಾಟ್ ಜೀವಂತ ಮರಳಲಿಲ್ಲವೆಂದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಸಮಾಧಾನಕ್ಕೆಂದು ಹೇಳುವುದು ಸರಿಯಲ್ಲ.

ಒದ್ದೆಕಾಲ್ಚೀಲ

ಹಿಲರಿ ಅಂದೇ ಹನ್ನೊಂದೂವರೆಗೆ ತುದಿ ಮುಟ್ಟಿದರು. ನಾನು ಹನ್ನೊಂದೂವರೆಗೆ ಪಾತ್ರೆ ಉಜ್ಜುತ್ತಿದ್ದೆ.

ಬೇಲಿದಾಟು

ಕಟುವಾಗಿ ಹೇಳುತ್ತಿದ್ದೇನೆ, ಬೇಸರ ಬೇಡ. ಇದರಲ್ಲಿ ಒಂದೂ ಕಾಯಿಲೆಯಲ್ಲ, ಎಲ್ಲ ಸೋಮಾರಿತನದ ಬಡ್ಡಿ. ಗುಳ್ಳೆ ಏಳುವ ಮುಂಚೆ ಆ ಜಾಗ ಉರಿಯುತ್ತದೆ. ಆಗ ಐದು ನಿಮಿಷ ನಿಂತು ಕಾಲುಚೀಲ ಬದಲಿಸಿ ಟೇಪ್ ಹಾಕಿದವರಿಗೆ ಗುಳ್ಳೆ ಏಳುವುದಿಲ್ಲ. ಜಿಪ್ ಮನೆಯಲ್ಲೇ ತಕರಾರು ಮಾಡುತ್ತಿತ್ತು ಎಂದು ಪಂಥ ಕಟ್ಟಬಲ್ಲೆ. ಮಾಡಿದ್ದುಣ್ಣೋ ಮಹರಾಯ.

ಗುಡಾರವಾಸಿ

ಬೇಲಿದಾಟು ಅವರೇ, ನಿಮ್ಮ ಚಾರಣದ ಚಿತ್ರಗಳಲ್ಲಿ ಒಮ್ಮೆ ಎರಡು ಬೇರೆ ಬೇರೆ ಬೂಟು ಹಾಕಿಕೊಂಡು ನಿಂತಿದ್ದಿರಿ. ಮರೆತಿಲ್ಲ.

ಬೇಲಿದಾಟು

ಒಂದರ ಅಟ್ಟೆ ಕಿತ್ತುಬಂದಿತ್ತು. ಅದೂ ಬಡ್ಡಿಯೇ. ನಾನು ಕಟ್ಟಿದ್ದೇನೆ, ಅದಕ್ಕೇ ಹೇಳಿದ್ದು.

ಒದ್ದೆಕಾಲ್ಚೀಲ

ಪಂಥ ಗೆದ್ದಿರಿ. ಜಿಪ್ ಹಿಂದಿನ ಪ್ರವಾಸದಿಂದಲೇ ಎರಡು ಸಲ ಎಳೆದರೆ ಒಂದು ಸಲ ಮುಚ್ಚುತ್ತಿತ್ತು. ಹಿಮ್ಮಡಿ ಉರಿಯುತ್ತಿದ್ದದ್ದೂ ಗೊತ್ತಿತ್ತು, ಎರಡನೆಯ ದಿನ ಮಧ್ಯಾಹ್ನವೇ. ಆಗ ತಾನೇ ಮಳೆ ಶುರುವಾಗಿತ್ತು. ಮಳೆಯಲ್ಲಿ ನಿಂತು ಬೂಟು ಬಿಚ್ಚುವುದೇಕೆ, ಬಿಡಾರಕ್ಕೆ ಇನ್ನೇನು ಮುಕ್ಕಾಲು ಗಂಟೆ ಎಂದುಕೊಂಡೆ. ಅದು ಒಂದೂವರೆ ಗಂಟೆಯಾಯಿತು.

ಆದರೆ ತಲೆನೋವಿಗೆ ಯಾವ ಬಡ್ಡಿ? ಅದಕ್ಕೆ ನಾನು ಸಾಲ ಮಾಡಿಲ್ಲ.

ರಾತ್ರಿಪಾಳಿ

ತಲೆನೋವಿಗೆ ಕೆಲವು ಪ್ರಶ್ನೆ. ಬಿಡಾರ ಎಷ್ಟು ಎತ್ತರದಲ್ಲಿತ್ತು? ಎರಡನೆಯ ದಿನ ಎಷ್ಟು ನೀರು ಕುಡಿದಿರಿ? ಮನೆಯಲ್ಲಿ ಕಾಫಿ ಕುಡಿಯುತ್ತೀರಾ, ಅಲ್ಲಿ ಕುಡಿದಿರಾ? ಬಿಸಿಲು?

ಒದ್ದೆಕಾಲ್ಚೀಲ

ಸಾವಿರದ ಎಂಟುನೂರು ಮೀಟರ್. ನೀರು ಒಂದು ಲೀಟರಿಗೂ ಕಡಿಮೆ, ಮಳೆಯಲ್ಲಿ ಬಾಯಾರಿಕೆಯೇ ಆಗಲಿಲ್ಲ. ಕಾಫಿ ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ. ಪುಡಿಯ ಪೊಟ್ಟಣ ತಂದಿದ್ದೆವು, ಮೊದಲ ದಿನ ಸಂಜೆ ಒಂದೊಂದು ಲೋಟ ಕುಡಿದ ಮೇಲೆ ಅದರ ಬಾಯಿ ಬಿಚ್ಚಿಕೊಂಡು ಚೀಲದೊಳಗೆಲ್ಲ ಚೆಲ್ಲಿತು. ನನ್ನ ಬಟ್ಟೆಗಳು ಈಗಲೂ ಕಾಫಿಯ ಘಮ ಬೀರುತ್ತಿವೆ. ಬಿಸಿಲಿರಲಿಲ್ಲ.

ರಾತ್ರಿಪಾಳಿ

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಕಾಣಿಸಿಕೊಳ್ಳುವುದು, ಅದನ್ನು ಬದಿಗಿಡೋಣ. ಕಾಫಿಯ ಲೆಕ್ಕ ಮಾತ್ರ ಬಹಳ ಚೆನ್ನಾಗಿ ಕೂಡುತ್ತದೆ. ದಿನವೂ ಕುಡಿಯುವವರು ನಿಲ್ಲಿಸಿದರೆ 12ರಿಂದ 24 ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ, 20ರಿಂದ 51 ಗಂಟೆಗಳ ನಡುವೆ ಅದರ ಜೋರು. ಮೊದಲ ದಿನ ಸಂಜೆಯಿಂದ ಮೂರನೆಯ ದಿನ ಬೆಳಿಗ್ಗೆಗೆ ಮೂವತ್ತಾರು ಗಂಟೆ. ಮೇಲಿಂದ ನೀರೂ ಇಲ್ಲ. ಮೈಮರೆಸುವ ಮಳೆ ಎಂದರೆ ಇದೇ: ಬೆವರು ಕಾಣುವುದಿಲ್ಲ, ಹಾಗೆಂದು ಬೆವರಿಲ್ಲವೆಂದಲ್ಲ. ಮೂರನೆಯ ದಿನ ನೀರು ಕುಡಿಯುತ್ತಾ ಕುಳಿತದ್ದರಿಂದಲೇ ನಾಲ್ಕಕ್ಕೆ ಇಳಿದಿರಬೇಕು.

ಸಕ್ಕರೆ, ಉಪ್ಪು ಇದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಅಳತೆ, ಕಣ್ಣಳತೆಯಲ್ಲ. ವಾಂತಿ ಭೇದಿಯಲ್ಲಿ ಕುಡಿಯುವ ದ್ರಾವಣವೇ ಇದು. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರ.

ಸೂಜಿದಾರ

ಟೆಂಟು ಚೀಲ ದುರಸ್ತಿ ಮಾಡುವುದು ನನ್ನ ಕಸುಬು. ಇಡೀ ಚರ್ಚೆಯನ್ನು ಜಿಪ್ಪಿಗಾಗಿ ಓದಿಕೊಂಡು ಬಂದೆ, ಈಗ ಬೇರೆಯದೇ ಒಂದು ಹೊಳೆಯುತ್ತಿದೆ.

ಮೊದಲು ಜಿಪ್. ಕೆಡುವುದು ಹಲ್ಲುಗಳಲ್ಲ, ರನ್ನರ್. ಮರಳು ಸೇರಿ ಅದರ ಎರಡು ದವಡೆಗಳು ಅಗಲವಾಗುತ್ತವೆ, ಆಮೇಲೆ ಹಲ್ಲುಗಳನ್ನು ಒತ್ತಿ ಕೂಡಿಸುವ ಬಿಗಿ ಇರುವುದಿಲ್ಲ. ಹಲ್ಲುಗಳ ಸಾಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒಣಗಿಸಿ. ಸಣ್ಣ ಇಕ್ಕಳದಿಂದ ರನ್ನರಿನ ಹಿಂಭಾಗದ ಎರಡೂ ಬದಿಗಳನ್ನು ಸಮವಾಗಿ, ಕೂದಲೆಳೆಯಷ್ಟು ಅದುಮಿ ಎಳೆದು ನೋಡಿ. ಸಾಲದಿದ್ದರೆ ಇನ್ನೊಂದು ಕೂದಲೆಳೆ. ಒಂದೇ ಸಲ ಬಲ ಹಾಕಿದವರು ನನ್ನ ಅಂಗಡಿಗೆ ಬರುತ್ತಾರೆ. ಬಿಗಿಯಾಗಿ ಓಡುತ್ತಿದ್ದರೆ ಮೇಣದಬತ್ತಿಯನ್ನು ಹಲ್ಲುಗಳ ಮೇಲೆ ಒಮ್ಮೆ ಎಳೆಯಿರಿ. ಎಣ್ಣೆ ಬೇಡ, ಧೂಳು ಅಂಟುತ್ತದೆ.

ಈಗ ಕೇಳಬೇಕಾದ್ದು ಕೇಳುತ್ತೇನೆ. ಎರಡನೆಯ ಸಂಜೆ ಜಿಪ್ ಸಿಕ್ಕಿಕೊಂಡದ್ದು ನೀವು ಒಳಗಿದ್ದಾಗ. ಎಂದರೆ ಬಾಗಿಲು ಮುಚ್ಚಿತ್ತು. ಬಾಗಿಲು ಮುಚ್ಚಿದ್ದರೆ ಗಾಳಿಯಾಡಲಿಲ್ಲ, ಇಬ್ಬರ ಉಸಿರಿನ ತೇವವೆಲ್ಲ ಗೋಡೆಯಲ್ಲಿ ಹನಿಗಟ್ಟಿತು, ಸ್ಲೀಪಿಂಗ್ ಬ್ಯಾಗಿನ ತುದಿ ಅದಕ್ಕೆ ತಾಗಿ ಒದ್ದೆಯಾಯಿತು. ಅದು ಮಳೆಯ ನೀರಲ್ಲ. ಹಾಸಿಗೆಯ ತೂತು ಅಂಚಿನಲ್ಲಿದೆ, ಮಲಗುವ ಭಾಗದಲ್ಲಲ್ಲ. ಆ ಹಾಸಿಗೆಯನ್ನು ಬಾಗಿಲ ಮುಂದಿನ ಮರೆಯಲ್ಲಿ, ಬರಿಯ ಜಲ್ಲಿಯ ಮೇಲೆ, ಕೂರಲು ಎಳೆದುಕೊಂಡಿದ್ದಿರಾ? ಕುಳಿತಿದ್ದರೆ ಏಕೆ ಕುಳಿತಿದ್ದಿರಿ? ಆ ಸಂಜೆ ಅಡುಗೆ ಎಲ್ಲಿ ಮಾಡಿದಿರಿ?

ಉಷ್ಣಮಾಪಕ

ನಾನು ಗ್ಯಾಸಿನ ಕುದಿಬಿಂದು ಹೇಳುತ್ತಾ ಕುಳಿತು ಇದನ್ನು ಕೇಳಲೇ ಇಲ್ಲ. ಸೂಜಿದಾರ ಅವರಿಗೆ ಶರಣು.

ಒದ್ದೆಕಾಲ್ಚೀಲ

ಬಾಗಿಲ ಮುಂದಿನ ಮರೆಯಲ್ಲೇ ಮಾಡಿದೆವು. ಹಾಸಿಗೆಯ ಅಂಚನ್ನು ಹೊರಗೆಳೆದು ಅದರ ಮೇಲೆ ಕುಳಿತೇ ಮಾಡಿದೆವು. ಜಿಪ್ ಮೇಲಿಂದ ಕೆಳಗೆ ಬಂದು ನೆಲಕ್ಕೆ ಒಂದು ಗೇಣು ಇರುವಾಗ ನಿಂತಿತ್ತು. ಹೊರಗೆ ಮಳೆ ಸುರಿಯುತ್ತಿತ್ತು, ಹಸಿದಿದ್ದೆವು. ಒಂದು ಗೇಣು ಸಂದಿ ಇದೆಯಲ್ಲ ಎಂದುಕೊಂಡೆ.

ರಾತ್ರಿಪಾಳಿ

ಸಂದಿ ಕೆಳಗಿತ್ತು. ಮೇಲೆ ಏನೂ ಇರಲಿಲ್ಲ.

ಗಾಳಿ ಸಾಲದ ಜಾಗದಲ್ಲಿ ಉರಿಯುವ ಯಾವ ಸ್ಟವ್ ಆದರೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ಕಾಣುವುದು ತಲೆನೋವು, ತಲೆಸುತ್ತು, ವಾಕರಿಕೆ, ದಣಿವು. ಚಾರಣದ ದಣಿವೆಂದು ಯಾರಾದರೂ ತಿಳಿಯುವಂಥವೇ. ಎಷ್ಟು ಹೊತ್ತು ಉರಿಸಿದಿರಿ? ಆ ಸಂಜೆಯೇ ತಲೆ ನೋಯುತ್ತಿತ್ತೇ? ನಿಮ್ಮ ತಂಗಿಗೆ?

ಒದ್ದೆಕಾಲ್ಚೀಲ

ಇಪ್ಪತ್ತು ನಿಮಿಷವಿರಬಹುದು. ನನಗೆ ಆ ಸಂಜೆ ಏನೂ ಇರಲಿಲ್ಲ, ಬೆಳಿಗ್ಗೆಯೇ ಶುರುವಾದದ್ದು. ತಂಗಿಗೆ ಏನೂ ಆಗಿರಲಿಲ್ಲ, ಅವಳು ಗಟ್ಟಿಗಿತ್ತಿ.

ಮುಂದೆನಡೆವವಳು

ಆ ತಂಗಿ ನಾನೇ. ಅಕ್ಕ ಈ ಚರ್ಚೆಯನ್ನು ತಾನೇ ಕಳುಹಿಸಿ "ಓದು" ಎಂದಳು, ಹಾಗಾಗಿ ಓದಿದೆ.

ನನಗೆ ಆ ಸಂಜೆ ತಲೆ ನೋಯುತ್ತಿತ್ತು. ಊಟ ಸೇರಲಿಲ್ಲ, ಸ್ವಲ್ಪ ವಾಕರಿಕೆಯೂ ಇತ್ತು. ಸ್ಟವ್ ಇದ್ದದ್ದು ನನ್ನ ಮಗ್ಗುಲಿಗೆ. ಮಳೆಯಲ್ಲಿ ನಡೆದ ದಣಿವೆಂದುಕೊಂಡು ಹೇಳದೆ ಮಲಗಿದೆ. ನಡುರಾತ್ರಿಯ ಹೊತ್ತಿಗೆ ಹೋಗಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೊದಲ ದಿನದ ಇಳಿಜಾರಿನಿಂದಲೇ ನನ್ನ ಎಡ ಮೊಣಕಾಲು ಕಿರುಗುಟ್ಟುತ್ತಿತ್ತು. ಅಕ್ಕ ಆರು ತಿಂಗಳಿನಿಂದ ಆ ಬೆಟ್ಟದ ಜಪ ಮಾಡುತ್ತಿರುವಾಗ ಅದನ್ನು ಹೇಳುವುದು ಹೇಗೆ? ಮೂರನೆಯ ದಿನ ಅವಳು ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟು ಮುಖ ಕಿವುಚಿದಾಗ ನನಗೆ ಜೀವ ಬಂದ ಹಾಗಾಯಿತು. "ಇವತ್ತು ಬೇಡ ಬಿಡಕ್ಕ" ಎಂದದ್ದು ಅವಳಿಗಾಗಿ ಅಲ್ಲ.

ಒದ್ದೆಕಾಲ್ಚೀಲ

ಇದನ್ನು ಪಕ್ಕದ ಕೋಣೆಯಿಂದ ಬರೆಯುತ್ತಿದ್ದಾಳೆ. ಎದ್ದು ಬಂದು ಹೇಳಬಹುದಿತ್ತು.

ಮುಂದೆನಡೆವವಳು

ಮೊಣಕಾಲು ನೋಯುತ್ತಿದೆ ಎಂದೆನಲ್ಲ.

ರಾತ್ರಿಪಾಳಿ

ನಗು ಬಂತು, ಆದರೂ ಒಂದು ಮಾತು. ಸ್ಟವ್ ಪಕ್ಕದಲ್ಲಿದ್ದವರಿಗೇ ಆ ಹೊತ್ತಿನಲ್ಲೇ ತಲೆನೋವು ವಾಕರಿಕೆ ಬಂದು, ಆರಿಸಿದ ಮೇಲೆ ಕೆಲವು ಗಂಟೆಗಳಲ್ಲಿ ಇಳಿದಿದೆ. ರಕ್ತದಲ್ಲಿ ಸೇರಿದ ಈ ಅನಿಲ ಒಳ್ಳೆಯ ಗಾಳಿಯಲ್ಲಿ ಸುಮಾರು ನಾಲ್ಕೈದು ಗಂಟೆಗಳಲ್ಲಿ ಅರ್ಧವಾಗುತ್ತದೆ. ತಂಗಿಯದು ಅದೇ ಎಂದು ಇಲ್ಲಿಂದ ಖಚಿತವಾಗಿ ಹೇಳಲಾರೆ, ಅಕ್ಕನ ತಲೆನೋವು ಕಾಫಿಯದ್ದು ಎಂದೇ ನನ್ನ ಎಣಿಕೆ. ಇಬ್ಬರದೂ ಒಂದೇ ಎಂದು ಕಲಸಬೇಡಿ. ಮುಂದಿನ ಸಲ ಒಬ್ಬರಿಗೆ ತಲೆ ನೋಯುತ್ತಿದ್ದಂತೆ ಬಾಯಿಬಿಟ್ಟು ಹೇಳಿ, ಸ್ಟವ್ ಆರಿಸಿ ಹೊರಗೆ ಬನ್ನಿ, ಮಳೆಯಿದ್ದರೆ ನೆನೆಯಿರಿ. ನಿದ್ದೆಗೆ ಜಾರಬೇಡಿ.

ಬೇಲಿದಾಟು

ಸೋಮಾರಿತನದ ಬಡ್ಡಿ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಅದು ಒಂದು ರನ್ನರ್ ಮತ್ತು ಒಂದೂವರೆ ಗಂಟೆಯ ಮಳೆ. ಉಳಿದದ್ದೆಲ್ಲ ಅದರ ಹಿಂದೆ ಬಾಲದಂತೆ ಬಂದದ್ದು. ಕಾಫಿಪುಡಿಯೊಂದು ಮಾತ್ರ ಸ್ವತಂತ್ರ.

ನಿಧಾನಸ್ಥ

ತೊಡೆ ನೋವೂ ಸ್ವತಂತ್ರ, ಮೊಣಕಾಲೂ. ಅವು ಮೊದಲ ದಿನದ ಇಳಿಜಾರಿನವು. ಲೆಕ್ಕ ಸರಿಯಾಗಿರಲಿ.

ಮೊಣಕಾಲಿನ ಮಾತು ಬಂದದ್ದರಿಂದ ಇನ್ನೊಂದು. ನಾನು ಖಾಲಿ ಬಿಡುವ ದಿನಕ್ಕೆ ನಿಜವಾದ ಕಾರಣ ಒಗೆತವೂ ಅಲ್ಲ, ಹೊಲಿಗೆಯೂ ಅಲ್ಲ. ನನ್ನ ಜೊತೆ ಬರುವ ಗೆಳೆಯ ತನಗೆ ಸುಸ್ತಾಗಿದೆ ಎಂದು ಎಂದೂ ಹೇಳುವವನಲ್ಲ. ದಿನ ಮೊದಲೇ ಖಾಲಿ ಇದ್ದರೆ ಅವನು ಹೇಳಬೇಕಾಗುವುದಿಲ್ಲ.

ಗುಡಾರವಾಸಿ

ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಎನ್ನುವುದಕ್ಕಿಂತ ಇದು ಬಹಳ ವಾಸಿ.

ಸೂಜಿದಾರ

ತೇಪೆ ಹಚ್ಚಿದ ಹಾಸಿಗೆಯನ್ನು ಮಡಚಿಟ್ಟಿದ್ದೀರಾ? ಬಿಚ್ಚಿಡಿ. ಬಾಯಿಯ ಗಾಳಿಯ ತೇವ ಒಳಗೆ ಉಳಿದಿರುತ್ತದೆ, ಬಿರಡೆ ತೆರೆದು ಒಣಗಲು ಬಿಡಿ. ಟೆಂಟನ್ನೂ ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಚೀಲಕ್ಕೆ ಹಾಕಿ. ತೇವವಾಗಿಯೇ ಮಡಚಿಟ್ಟ ಟೆಂಟಿನ ಒಳಲೇಪ ಒಂದೆರಡು ವರ್ಷಗಳಲ್ಲಿ ಜಿಗುಟಾಗಿ ಸಿಪ್ಪೆ ಏಳುತ್ತದೆ, ಆ ವಾಸನೆಯನ್ನು ಮೂಗು ಮರೆಯುವುದಿಲ್ಲ. ಒಣಗಿದ ಮೇಲೆ ಹಾಸಿಗೆಯನ್ನು ಒಂದು ರಾತ್ರಿ ಊದಿ, ಮೇಲೆ ನಾಲ್ಕು ದಪ್ಪ ಪುಸ್ತಕ ಇಟ್ಟು ಬಿಡಿ. ಜಲ್ಲಿಯ ಮೇಲೆ ಎಳೆದದ್ದು ಒಂದೇ ಕಡೆ ಚುಚ್ಚಿರುತ್ತದೆ ಎಂದು ನನಗೆ ನಂಬಿಕೆಯಿಲ್ಲ.

ಒದ್ದೆಕಾಲ್ಚೀಲ

ಟೆಂಟು ಮಹಡಿಯಲ್ಲಿ ಹರಡಿದೆ. ಜಿಪ್ಪನ್ನು ಬ್ರಷ್ಷಿನಿಂದ ಉಜ್ಜಿದೆ, ಎರಡು ಕೂದಲೆಳೆ ಅದುಮಿದೆ, ಓಡುತ್ತಿದೆ. ಇಷ್ಟಕ್ಕೆ ಹಿಡಿದದ್ದು ಹನ್ನೆರಡು ನಿಮಿಷ. ಆರು ತಿಂಗಳು ನಕ್ಷೆ ನೋಡುತ್ತಾ ಕುಳಿತಿದ್ದವಳಿಗೆ ಈ ಹನ್ನೆರಡು ನಿಮಿಷ ಸಿಕ್ಕಿರಲಿಲ್ಲ. ತಂಗಿ ಮೊಣಕಾಲಿಗೆ ತಣ್ಣೀರಿನ ಬಟ್ಟೆ ಸುತ್ತಿಕೊಂಡು ನಾನು ಜಿಪ್ ಎಳೆಯುವುದನ್ನು ನೋಡುತ್ತಿದ್ದಳು.

ಹಾಸಿಗೆಯನ್ನು ಊದಿ ಕೋಣೆಯ ನಡುವೆ ಇಟ್ಟಿದ್ದೇನೆ. ಮೇಲೆ ನಿಘಂಟಿನ ನಾಲ್ಕು ಸಂಪುಟ. ಬೆಳಿಗ್ಗೆ ಬರೆಯುತ್ತೇನೆ.

ಒದ್ದೆಕಾಲ್ಚೀಲ

ಬೆಳಿಗ್ಗೆ ಆರೂವರೆ. ನಿಘಂಟು ನೆಲಕ್ಕೆ ತಾಗಿದೆ. ಸ್ನಾನದ ಮನೆಯ ದೊಡ್ಡ ತೊಟ್ಟಿಗೆ ನೀರು ಬಿಟ್ಟಿದ್ದೇನೆ, ಈ ಸಲ ತಂಗಿಯ ಸರದಿ, ಬೆರಳಿಟ್ಟುಕೊಂಡು ಕೂರುವುದು.